ಹಸಿರು ಚುಕ್ಕೆ ಮತ್ತು ನನ್ನ ಎಡಗಾಲಿನ ಮಂಡಿ

ನಡೆದದ್ದು ಇಷ್ಟೇ. ನನ್ನ ಸೊಸೆಯ ಕೆಲಸವನ್ನು ನಾನು ನಿಜ ಹೇಳಿ ಕಳೆಯುವುದರಲ್ಲಿದ್ದೆ. ಆ ನಿಜ ಹೇಳುವ ಜಾಗದಲ್ಲಿ ನಾನು ಕೂತಿದ್ದಕ್ಕೆ ಕಾರಣ, ಅದಕ್ಕೂ ಮುಂಚೆ ಹೇಳಿದ್ದ ಒಂದು ಸುಳ್ಳು. ನನ್ನ ಮಗ ಈಗ ಕೇಳಿದವರಿಗೆಲ್ಲ ಅವತ್ತು ನೆಟ್‌ವರ್ಕ್ ಸರಿ ಇರಲಿಲ್ಲ, ಏನೋ ಗೊಂದಲ ಆಯಿತು ಎಂದು ಹೇಳುತ್ತಾನೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ನಾನು ಆಡಿದ ಒಂದೊಂದು ಮಾತೂ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ನಿಚ್ಚಳವಾಗಿ ತಲುಪಿತು. ತೊಂದರೆಯಾದದ್ದೇ ಅದರಿಂದ.

ಕೆಲಸ ಅಂದರೆ ಏನು ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುವುದಕ್ಕೆ ಕೂತವಳು, ಆಮೇಲೆ ಮೂವತ್ತು ವರ್ಷ ಸಾಹುಕಾರರ ಶೆಡ್ಡಿನಲ್ಲಿ ಪವರ್‌ಲೂಮ್ ಮುಂದೆ ನಿಂತೆ. ಅಲ್ಲಿ ಕೆಲಸ ಕಿವಿಗೆ ಕೇಳಿಸುತ್ತದೆ. ಎಂಟು ಮಗ್ಗ ಒಟ್ಟಿಗೆ ಓಡುತ್ತಿದ್ದರೆ ಪಕ್ಕದವರು ಕಿರುಚಿದರೂ ಬಾಯಿ ಆಡುವುದು ಕಾಣಿಸುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಸದ್ದಿದ್ದರೆ ಸೀರೆ ಬೆಳೆಯುತ್ತಿದೆ ಅಂತ ಅರ್ಥ. ಸದ್ದು ನಿಂತರೆ ಎಲ್ಲೋ ಎಳೆ ಕಡಿದಿದೆ, ಇಲ್ಲವೇ ಲಾಳಿಯಲ್ಲಿ ನೂಲು ಮುಗಿದಿದೆ, ಅದೂ ಅಲ್ಲದಿದ್ದರೆ ಕರೆಂಟು ಹೋಗಿದೆ. ಶೆಡ್ಡು ಮುಚ್ಚಿ, ಮಗ್ಗಗಳು ಗುಜರಿಗೆ ಹೋಗಿ ವರ್ಷಗಳಾದವು. ಅದಕ್ಕೆ ನಾನೇನೂ ಅಳಲಿಲ್ಲ, ಅರ್ಧ ಕಿವಿ ತಿಂದ ಕಬ್ಬಿಣಕ್ಕೆ ಯಾರು ಅಳುತ್ತಾರೆ. ಆದರೆ ಎರಡು ಅಭ್ಯಾಸ ಉಳಿದುಬಿಟ್ಟಿವೆ. ನಾನು ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತದೆ. ಯಾರಾದರೂ ಸದ್ದಿಲ್ಲದೆ ಕೂತಿದ್ದರೆ ಎದ್ದು ಹೋಗಿ ಎಲ್ಲಿ ಕಡಿದಿದೆ ಎಂದು ನೋಡಬೇಕು ಅನ್ನಿಸುತ್ತದೆ.

ಈಗಿನ ಕೆಲಸಗಳಿಗೆ ಸದ್ದೇ ಇಲ್ಲವಲ್ಲ. ನನ್ನ ಮಗ ಮಂಜುನಾಥ ದೇವನಹಳ್ಳಿ ಏರ್‌ಪೋರ್ಟ್ ಕಡೆ ಒಂದು ಸರಕು ಗೋದಾಮಿನಲ್ಲಿದ್ದಾನೆ. ಪರದೇಶಕ್ಕೆ ಹೋಗುವ ಗುಲಾಬಿ, ಬೀನ್ಸು, ದಾಳಿಂಬೆ ಎಲ್ಲ ಅಲ್ಲಿ ತಣ್ಣನೆಯ ಕೋಣೆಯಲ್ಲಿ ವಿಮಾನಕ್ಕೆ ಕಾಯುತ್ತಿರುತ್ತವಂತೆ. ಪೆಟ್ಟಿಗೆಯ ಮೇಲಿನ ಚೀಟಿ ನೋಡಿ ಒಳಗೆ ಬಿಡುವುದು, ಹೊರಗೆ ಕಳಿಸುವುದು ಇವನ ಕೆಲಸ. ಏಪ್ರಿಲ್ ಬಿಸಿಲಿನಲ್ಲಿ ಊರೆಲ್ಲ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿರುವಾಗ ಇವನು ಕಂಕುಳಲ್ಲಿ ಸ್ವೆಟರ್ ಇಟ್ಟುಕೊಂಡು ಹೊರಡುತ್ತಾನೆ. ನೋಡಿದವರು ನಿಮ್ಮ ಹುಡುಗನಿಗೆ ಜ್ವರವಾ ಎಂದು ನನ್ನನ್ನು ಕೇಳುತ್ತಾರೆ. ಒಂದು ದಿನ ನಾನೇ ಕೇಳಿದೆ, ಅಲ್ಲಿ ಬೆಳಗ್ಗೆಯಿಂದ ಸಂಜೆ ತನಕ ಏನಪ್ಪಾ ಮಾಡ್ತೀಯ ಅಂತ. "ಹೂವು ಬಾಡದ ಹಂಗೆ ನೋಡ್ಕೋತೀನಮ್ಮ" ಅಂದ. ಮನೆ ಮುಂದಿನ ಕನಕಾಂಬರದ ಗಿಡಕ್ಕೆ ಒಂದು ಚೊಂಬು ನೀರು ಹಾಕು ಅಂದರೆ ಇವನ ಕೈಲಿ ಆಗುವುದಿಲ್ಲ.

ಹಿಂದಿನ ಬೀದಿಯ ಮುಮ್ತಾಜಳ ಅಳಿಯನದು ಇನ್ನೂ ವಿಚಿತ್ರ. ಮುಮ್ತಾಜ್ ಅಂದರೆ ಇಪ್ಪತ್ತು ವರ್ಷ ನನ್ನ ಪಕ್ಕದ ಮಗ್ಗದಲ್ಲಿ ನಿಂತವಳು. ಸದ್ದಿನೊಳಗೆ ಅವಳು ಹುಬ್ಬು ಎತ್ತಿದರೆ ನನಗೆ ಟೀ ಬಂತು ಅಂತ ಗೊತ್ತಾಗುತ್ತಿತ್ತು, ಮೂಗು ಮುರಿದರೆ ಸಾಹುಕಾರರು ಬಂದರು ಅಂತ. ಅವಳ ಅಳಿಯ ನೆಲಮಂಗಲದ ಕಡೆ ಒಂದು ದೊಡ್ಡ ಉಗ್ರಾಣದ ಗೇಟಿನಲ್ಲಿ ಕಾವಲಿಗಿದ್ದಾನೆ. ಇಡೀ ದಿನ ಏನೂ ಆಗದಿದ್ದರೆ ಅವನು ಕೆಲಸ ಚೆನ್ನಾಗಿ ಮಾಡಿದ ಹಾಗೆ. ಇದನ್ನು ಕೇಳಿ ನಾನು, ಇಂಥ ಕೆಲಸ ಆಗಲೇ ಇದ್ದಿದ್ದರೆ ನಮ್ಮ ಮನೆಯವರು ದೊಡ್ಡ ಹುದ್ದೆಗೆ ಏರುತ್ತಿದ್ದರು ಅಂದೆ. ಸತ್ತವರ ಬಗ್ಗೆ ಹಾಗೆಲ್ಲ ಹೇಳಬಾರದು ಎಂದು ಮುಮ್ತಾಜ್ ಬುದ್ಧಿ ಹೇಳಿದಳು. ಬದುಕಿದ್ದಾಗ ಅವರ ಎದುರಿಗೇ ಹೇಳಿದ್ದೆ ಅಂದೆ.

ಇನ್ನು ನನ್ನ ಸೊಸೆ ವೇದಾವತಿ. ಮೊದಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗ್ಗೆ ಏಳಕ್ಕೆ ಬಸ್ಸು, ಸಂಜೆ ಏಳಕ್ಕೆ ಮನೆ. ದಿನವಿಡೀ ಅಂಗಿಯ ಎಡಗೈ ತೋಳು ಹೊಲಿಯುವುದು, ಬಲಗೈ ತೋಳು ಹೊಲಿಯುವವಳು ಬೇರೆ. ಪೂರ್ತಿ ಅಂಗಿ ಹೇಗಿರುತ್ತದೆ ಎಂದು ನೋಡಿಯೇ ಇಲ್ಲ ಅನ್ನುತ್ತಿದ್ದಳು. ಬಟ್ಟೆಯ ಧೂಳಿಗೆ ಕೆಮ್ಮು ಹತ್ತಿತು, ಮೊಮ್ಮಗಳು ಚಿನ್ನು ಅಮ್ಮನ ಮುಖ ನೋಡುತ್ತಿದ್ದದ್ದು ಭಾನುವಾರ ಮಾತ್ರ. ಕಾಲೇಜು ಮೆಟ್ಟಿಲು ಹತ್ತಿದವಳು, ಕಂಪ್ಯೂಟರ್ ಕಲಿತಿದ್ದಳು. ಅಲ್ಲಿ ಇಲ್ಲಿ ಅರ್ಜಿ ಹಾಕಿ ಒಂದು ಪಾರ್ಸೆಲ್ ಕಂಪನಿಯಲ್ಲಿ ಮನೆಯಲ್ಲೇ ಕೂತು ಮಾಡುವ ಕೆಲಸ ಹಿಡಿದಳು. ಆರು ತಿಂಗಳು ನೋಡುತ್ತಾರೆ, ಸರಿ ಕಂಡರೆ ಖಾಯಂ ಮಾಡುತ್ತಾರೆ, ಇಲ್ಲದಿದ್ದರೆ ಮತ್ತೆ ಏಳು ಗಂಟೆಯ ಬಸ್ಸು, ಎಡಗೈ ತೋಳು, ಕೆಮ್ಮು. ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಬೆಳಗ್ಗೆ ಆ ಬಸ್ಸಿನ ಹಾರನ್ನು ಕೇಳಿಸಿದಾಗಲೆಲ್ಲ ಅವಳ ಕೈಲಿದ್ದ ಚಪಾತಿ ಲಟ್ಟಣಿಗೆ ಒಂದು ಗಳಿಗೆ ನಿಲ್ಲುವುದನ್ನು ನಾನು ನೋಡಿದ್ದೇನೆ. ಮೊದಲೇ ಹೇಳಿದೆನಲ್ಲ, ನಿಂತದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ಅವಳ ಕೆಲಸ ಏನೆಂದರೆ, ಪಾರ್ಸೆಲ್ ಸರಿಯಾಗಿ ಬರದವರು ಸಿಟ್ಟಿನಿಂದ ಬರೆಯುತ್ತಾರೆ, ಇವಳು ಸಿಟ್ಟಿಲ್ಲದೆ ಉತ್ತರ ಬರೆಯುತ್ತಾಳೆ. ಕನ್ನಡದಲ್ಲಿ ಬಂದದ್ದನ್ನು ನಾನೂ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಒಬ್ಬಾತ ಚಪ್ಪಲಿ ತರಿಸಿದ್ದನಂತೆ, ಎರಡೂ ಎಡಗಾಲಿನದೇ ಬಂದಿತ್ತು. ಅವನು ಬರೆದದ್ದನ್ನು ಇಲ್ಲಿ ಬರೆಯುವುದಕ್ಕಾಗುವುದಿಲ್ಲ. ಇವಳು ತಣ್ಣಗೆ "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಒತ್ತಿದಳು. ನಮ್ಮ ಕಾಲದಲ್ಲಿ ಸೀರೆಯಲ್ಲಿ ಒಂದು ಎಳೆ ಬಿಟ್ಟುಹೋದರೆ ಸಾಹುಕಾರರು ಅದನ್ನು ಮುದ್ದೆ ಮಾಡಿ ಮುಖಕ್ಕೆ ಎಸೆಯುತ್ತಿದ್ದರು. ನಾವು ಮತ್ತೆ ಮಡಿಸಿ ಕೊಡುತ್ತಿದ್ದೆವು. ವಿಷಾದ ಎಂಬ ಮಾತು ಎರಡು ಕಡೆಯಿಂದಲೂ ಬರುತ್ತಿರಲಿಲ್ಲ.

ಈಗ ಸುಳ್ಳಿನ ವಿಷಯ. ಚಿನ್ನು ಒಂದನೇ ಕ್ಲಾಸು. ಅವಳ ಸ್ಕೂಲ್ ವ್ಯಾನು ನಮ್ಮ ಬೀದಿಗೆ ಬರುವುದಿಲ್ಲ, ದೊಡ್ಡ ರಸ್ತೆಯ ಪಂಕ್ಚರ್ ಅಂಗಡಿ ಮುಂದೆ ನಿಲ್ಲುತ್ತದೆ. ಮಧ್ಯಾಹ್ನ ಮೂರೂವರೆಗೆ ಹೋಗಿ ಕರೆತರಬೇಕು, ಹೋಗಿ ಬರುವುದಕ್ಕೆ ಕಾಲು ಗಂಟೆ. ಕೆಲಸ ಸಿಕ್ಕ ಮೊದಲ ವಾರ ವೇದಾ ನನ್ನನ್ನು ಕೇಳಿದಳು, ಅತ್ತೆ, ನೀವು ಹೋಗಿ ಬರ್ತೀರಾ ಅಂತ. ಮೂರೂವರೆ ಅಂದರೆ ನನ್ನ ಮಧ್ಯಾಹ್ನದ ನಿದ್ದೆಗೆ ರುಚಿ ಹತ್ತುವ ಹೊತ್ತು. ಎಡಗಾಲಿನ ಮಂಡಿ ನೋವು ಕಣೇ, ನಡೆಯೋಕಾಗಲ್ಲ ಅಂದುಬಿಟ್ಟೆ. ಮಂಡಿ ಚೆನ್ನಾಗಿಯೇ ಇತ್ತು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ಮಂಡಿ ಅದು, ಕುಕ್ಕೆಯಲ್ಲಿಟ್ಟು ಬೆಳೆಸಿದ್ದಲ್ಲ. ಆದರೆ ಒಂದು ಸಲ ಹೇಳಿದ ಮೇಲೆ ನಡೆಸಿಕೊಂಡು ಹೋಗಬೇಕಲ್ಲ. ಮಗ ಮೆಡಿಕಲ್ ಸ್ಟೋರಿನಿಂದ ಮಂಡಿಗೆ ಹಾಕುವ ಪಟ್ಟಿ ತಂದ, ಹಾಕಿಕೊಂಡೆ. ನೋವಿನ ಎಣ್ಣೆ ತಂದ, ವಾಸನೆಗಾಗಿ ಹಚ್ಚಿಕೊಂಡೆ. ಬೀದಿಯ ಹೆಂಗಸರೆಲ್ಲ ವಿಚಾರಿಸಿಕೊಂಡು ಹೋದರು. ಆಮೇಲಿನಿಂದ ಮುಂದಿನ ಬೀದಿಯಲ್ಲಿ ಕುಂಟುತ್ತಿದ್ದೆ, ಹಿಂದಿನ ಓಣಿಯಲ್ಲಿ ಮುಮ್ತಾಜಳ ಮನೆಗೆ ನೆಟ್ಟಗೆ ಹೋಗುತ್ತಿದ್ದೆ. ಅವಳೊಬ್ಬಳಿಗೆ ಗೊತ್ತಿತ್ತು. "ಗೌರಕ್ಕಾ, ನಿಮ್ದು ಕಾಲು ಒಂದಿನ ನಿಮ್ಗೇ ಕೈ ಕೊಡುತ್ತೆ ನೋಡಿ" ಅನ್ನುತ್ತಿದ್ದಳು.

ಮಗುವನ್ನು ಕರೆತರುವುದಕ್ಕೆ ವೇದಾಳೇ ಹೋಗಬೇಕಾಯಿತು. ಆದರೆ ಅವಳ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಇದೆ. ಐದು ನಿಮಿಷ ಯಾರೂ ಮುಟ್ಟದಿದ್ದರೆ ಅದು ಹಳದಿಗೆ ತಿರುಗುತ್ತದೆ, ತಿರುಗಿದ್ದು ಬೆಂಗಳೂರಿನಲ್ಲಿರುವ ಅವಳ ಮೇಡಂಗೆ ಕಾಣಿಸುತ್ತದೆ. ಹೊಸ ಕೆಲಸ, ದಿನಾ ಕಾಲು ಗಂಟೆ ಬಿಡುವು ಕೊಡಿ ಎಂದು ಕೇಳುವುದಕ್ಕೆ ಅವಳಿಗೆ ಭಯ. ಒಂದು ದಿನ ನನ್ನನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, ಮೌಸ್ ಮೇಲೆ ನನ್ನ ಕೈ ಇಟ್ಟು, "ನಾನು ಬರೋವರ್ಗೂ ಆಗಾಗ ಇದನ್ನ ಹಿಂಗೆ ಅಲ್ಲಾಡಿಸ್ತಾ ಇರಿ ಅತ್ತೆ, ಬೇರೆ ಏನೂ ಮುಟ್ಬೇಡಿ" ಅಂದಳು. ಹೀಗೆ ಯಾವ ನಿದ್ದೆಗಾಗಿ ಸುಳ್ಳು ಹೇಳಿದೆನೋ ಆ ನಿದ್ದೆಯೂ ಹೋಯಿತು.

ಇದರಲ್ಲಿ ತಪ್ಪೇನಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಮಗ್ಗ ನಿಂತಿದ್ದು ಕಂಡರೆ ಅದು ಯಾರ ಮಗ್ಗ ಎಂದು ಯಾರೂ ಕೇಳುತ್ತಿರಲಿಲ್ಲ. ಹತ್ತಿರ ಇದ್ದವರು ಹೋಗಿ, ಎಳೆ ಗಂಟು ಹಾಕಿ, ಓಡಿಸಿಬಿಡುತ್ತಿದ್ದರು. ಮಂಜುನಾಥ ಹುಟ್ಟುವ ದಿನ ನಾನು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದಾಗ ನನ್ನ ಮಗ್ಗದಲ್ಲಿ ಸೆರಗು ಅರ್ಧಕ್ಕೆ ನಿಂತಿತ್ತು. ಮುಮ್ತಾಜ್ ತನ್ನದನ್ನೂ ನನ್ನದನ್ನೂ ಓಡಿಸಿ ಸೀರೆ ಇಳಿಸಿದಳು. ಆ ಸೀರೆ ಉಟ್ಟವಳಿಗೆ ಅದರಲ್ಲಿ ಇಬ್ಬರ ಕೈ ಇದೆ ಎಂದು ಇವತ್ತಿಗೂ ಗೊತ್ತಿರಲಾರದು. ಹಾಗಾಗಿ ಸೊಸೆಯ ಮೌಸ್ ನನಗೆ ಪಕ್ಕದ ಮಗ್ಗವೇ ಆಯಿತು. ಮೂರು ಇಪ್ಪತ್ತಕ್ಕೇ ಕೈ ತೊಳೆದು, ಕನ್ನಡಕ ಹಾಕಿಕೊಂಡು ತಯಾರಾಗುತ್ತಿದ್ದೆ. ಆಗಾಗ ಅಂದಿದ್ದಳು ಅವಳು, ನಾನು ಬಿಡುವೇ ಕೊಡುತ್ತಿರಲಿಲ್ಲ. ಹಳದಿ ಆಗುವುದಕ್ಕೆ ಒಂದು ದಿನವೂ ಬಿಟ್ಟವಳಲ್ಲ. ನಿಜ ಹೇಳಬೇಕೆಂದರೆ, ಕೈಕೆಳಗೆ ಏನೋ ಒಂದು ಓಡುತ್ತಿದೆ ಅನ್ನುವುದು ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚು ಹೇಳಿದರೆ ಬಣ್ಣ ಕಟ್ಟಿದ ಹಾಗಾಗುತ್ತದೆ.

ಆರು ತಿಂಗಳು ತುಂಬಿದ ವಾರ ಒಂದು ಬುಧವಾರ ನಾಲ್ಕು ಗಂಟೆಗೆ ಮೇಡಂ ವೇದಾಳ ಜೊತೆ ಮಾತಾಡುವುದೆಂದು ಗೊತ್ತಾಯಿತು. ಖಾಯಮ್ಮೋ ಅಲ್ಲವೋ ಅವತ್ತು ತೀರ್ಮಾನ. ಬೆಳಗ್ಗೆಯಿಂದ ವೇದಾ ಎರಡು ಸಲ ತಲೆ ಬಾಚಿದಳು, ಕುರ್ಚಿಯ ಹಿಂದೆ ಒಣಗಹಾಕಿದ್ದ ನನ್ನ ಲಂಗವನ್ನು ತೆಗೆದು ಹಿತ್ತಲಿಗೆ ಹಾಕಿದಳು. ಮಂಜುನಾಥ ಮಧ್ಯಾಹ್ನದ ಪಾಳಿಗೆ ಹೊರಡುತ್ತ ನನ್ನ ಕಡೆ ತಿರುಗಿ, ಅಮ್ಮ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಬೇಡ ಎಂದು ಹೇಳಿ ಹೋದ. ನನ್ನಿಂದ ಏನಾದರೂ ತೊಂದರೆಯಾದರೆ ಪಾತ್ರೆಯಿಂದ ಆಗುತ್ತದೆ ಎಂದು ಅವನ ಲೆಕ್ಕ. ಮೂರೂವರೆಗೆ ವೇದಾ ಎಂದಿನಂತೆ ಮಗುವಿಗೆ ಹೋದಳು. ನಾನು ಎಂದಿನಂತೆ ಕೂತೆ. ಐದು ನಿಮಿಷ ಆಗಿರಬೇಕು, ಕಂಪ್ಯೂಟರು ಕೂಗಿಕೊಳ್ಳತೊಡಗಿತು. ಮೇಡಂಗೆ ಬೇರೆ ಕೆಲಸ ಬೇಗ ಮುಗಿದು, ನಾಲ್ಕರ ಮಾತನ್ನು ಮೊದಲೇ ಮುಗಿಸೋಣ ಎಂದು ಕರೆದಿದ್ದರಂತೆ, ಅದು ಆಮೇಲೆ ತಿಳಿದದ್ದು. ಪರದೆಯ ಮೇಲೆ ಎರಡು ಗುಂಡಿ, ಒಂದು ಹಸಿರು, ಒಂದು ಕೆಂಪು. ಬೇರೆ ಏನೂ ಮುಟ್ಟಬೇಡಿ ಎಂದು ಸೊಸೆ ಹೇಳಿದ್ದು ನನಗೆ ನೆನಪಿತ್ತು. ಆದರೆ ನಮ್ಮ ಮಗ್ಗದ ಸ್ವಿಚ್ಚಿನಲ್ಲೂ ಇಂಥವೇ ಎರಡು ಗುಂಡಿ. ಕೆಂಪು ಒತ್ತಿದರೆ ನಿಲ್ಲುತ್ತದೆ, ಹಸಿರು ಒತ್ತಿದರೆ ಓಡುತ್ತದೆ. ಓಡುತ್ತೇನೆ ಎಂದು ಮಿಷಿನ್ನೇ ಕೂಗುತ್ತಿರುವಾಗ ಸುಮ್ಮನೆ ಕೂರುವುದನ್ನು ನಾನು ಕಲಿತಿಲ್ಲ. ಹಸಿರು ಒತ್ತಿದೆ.

ಕನ್ನಡಕ ಹಾಕಿದ ಒಬ್ಬ ಹೆಂಗಸಿನ ಮುಖ ಬಂತು, ನಲವತ್ತರ ಒಳಗಿನವರು. ನನ್ನನ್ನು ನೋಡಿ ಗಾಬರಿಯಾಗದೆ ನಮಸ್ಕಾರ ಹೇಳಿದರು, ಅದು ಅವರ ಒಳ್ಳೆಯತನ. ವೇದಾವತಿ ಇಲ್ಲವಾ ಎಂದು ಕೇಳಿದರು. "ಮಗೂನ ಕರ್ಕೊಂಬರೋಕೆ ಹೋಗವಳೆ, ಇನ್ನೇನು ಬಂದ್ಬಿಡ್ತಾಳೆ" ಅಂದೆ. ಕಿವಿಗೆ ಹಾಕಿಕೊಂಡಿದ್ದನ್ನು ಅವರು ಸ್ವಲ್ಪ ದೂರಕ್ಕೆ ಸರಿಸಿಕೊಂಡರು. ಪರವಾಗಿಲ್ಲ, ಕಾಯುತ್ತೇನೆ ಎಂದು ಹೇಳಿ, ಕಾಯುವಷ್ಟು ಹೊತ್ತು ಸುಮ್ಮನಿರಬಾರದು ಅಂತಲೋ ಏನೋ, "ನಿಮ್ಮ ದಿನ ಹೇಗೆ ಕಳೆಯುತ್ತಮ್ಮ" ಎಂದು ಕೇಳಿದರು.

ಈ ಅರವತ್ತೆಂಟು ವರ್ಷದಲ್ಲಿ ನನ್ನನ್ನು ಇದನ್ನು ಕೇಳಿದವರು ಇವರೊಬ್ಬರೇ. ಸಾಹುಕಾರರು ಎಷ್ಟು ಸೀರೆ ಆಯಿತು ಎಂದು ಕೇಳುತ್ತಿದ್ದರು, ಗಂಡ ಊಟ ಆಯಿತಾ ಎಂದು ಕೇಳುತ್ತಿದ್ದರು, ಅದೂ ತಮ್ಮ ಊಟ. ಹಾಗಾಗಿ ನಾನು ಒಂದನ್ನೂ ಬಿಡದೆ ಹೇಳಿದೆ. ಐದಕ್ಕೆ ಏಳುವುದು, ಬಾಗಿಲಿಗೆ ನೀರು, ಹಾಲಿನ ಬೂತಿಗೆ ನಡೆದು ಹೋಗಿ ಬರುವುದು, ಅಲ್ಲಿಂದ ಹೂವಿಗೆ, ಹತ್ತು ಗಂಟೆಗೆ ಮುಮ್ತಾಜಳ ಜೊತೆ ಮಾರ್ಕೆಟ್ಟಿಗೆ, ಸಂಜೆ ಮತ್ತೆ ಅವಳ ಮನೆಗೆ ಹೋಗಿ ಊರಿನ ಸುದ್ದಿ ಎಲ್ಲ ಮುಗಿಸಿ ಬರುವುದು. ಈ ವಯಸ್ಸಿನಲ್ಲಿ ಎಷ್ಟು ಗಟ್ಟಿ ಇದ್ದೀರಿ ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಹೊಗಳಿದರೆ ನನ್ನ ಬಾಯಿ ತಾನಾಗಿ ಇನ್ನೆರಡು ಗಜ ನೇಯುತ್ತದೆ. ಕಳೆದ ತಿಂಗಳು ಒಂದು ಭಾನುವಾರ ನೆಲಮಂಗಲದ ತಮ್ಮನ ಮನೆಗೆ ಹೋಗಿದ್ದಾಗ ಶಿವಗಂಗೆ ಬೆಟ್ಟ ಹತ್ತಿದ್ದನ್ನೂ ಹೇಳಿದೆ. ಮನೆಯಲ್ಲಿ ನಾನು ಕೆಳಗೇ ಕೂತಿದ್ದೆ ಎಂದು ಹೇಳಿದ್ದೆ, ಹತ್ತಿದ್ದು ತುದಿಯ ಬಸವಣ್ಣನವರೆಗೆ. ಮಂಡಿಪಟ್ಟಿಯನ್ನು ಬಿಚ್ಚಿ ಬಾಳೆಹಣ್ಣಿನ ಚೀಲದಲ್ಲಿ ಹಾಕಿಕೊಂಡಿದ್ದೆ. ಕೋತಿ ಬಂದು ಬಾಳೆಹಣ್ಣು ತೆಗೆದುಕೊಂಡು, ಮಂಡಿಪಟ್ಟಿಯನ್ನು ಹಿಡಿದು ನೋಡಿ, ಬೇಡ ಅಂತ ಅಲ್ಲೇ ಬಿಟ್ಟು ಹೋಯಿತು. ಪಟ್ಟಿಯ ವಿಷಯ ಮೇಡಂಗೆ ಹೇಳಲಿಲ್ಲ, ಬೆಟ್ಟದ ವಿಷಯ ಮಾತ್ರ ಹೇಳಿದೆ. ನನಗೂ ಅಷ್ಟು ತಿಳಿವಳಿಕೆ ಇದೆ.

ಮೇಡಂ ನಕ್ಕರು. ವೇದಾವತಿಯನ್ನೂ ಇವತ್ತು ಇದನ್ನೇ ಕೇಳಬೇಕು ಅಂತಿದ್ದೆ, ಬೆಳಗ್ಗೆಯಿಂದ ಸಂಜೆಯವರೆಗೆ ಅವರ ಕೆಲಸದ ದಿನ ಹೇಗಿರುತ್ತದೆ ಎಂದು, ಖಾಯಂ ಮಾಡುವ ಮುಂಚೆ ಎಲ್ಲರನ್ನೂ ಕೇಳುತ್ತೇವೆ ಅಂದರು. ನಮ್ಮ ಶೆಡ್ಡಿನಲ್ಲೂ ಹೊಸಬರಿಗೆ ಸ್ವಂತ ಮಗ್ಗ ಕೊಡುವ ಮೊದಲು ಸಾಹುಕಾರರು ಪಕ್ಕದ ಮಗ್ಗದವರನ್ನು ಕೇಳುತ್ತಿದ್ದರು. ಹೊತ್ತಿಗೆ ಬರುತ್ತಾಳಾ, ಕಡಿದ ಎಳೆ ಮುಚ್ಚಿಡುತ್ತಾಳಾ, ಕಟ್ಟುತ್ತಾಳಾ ಅಂತ. ಆ ಮಾತಿನ ಮೇಲೆ ಮಗ್ಗ ಸಿಗುತ್ತಿತ್ತು. ಇಷ್ಟು ಹೊತ್ತಿಗೆ ನನಗೆ ಅರ್ಥವಾಯಿತು, ಸಾಕ್ಷಿ ಹೇಳುವ ಸರದಿ ನನ್ನದು.

"ಅವಳ ದಿನ ಅವಳಿಗಿಂತ ನಂಗೇ ಚೆನ್ನಾಗಿ ಗೊತ್ತು, ಕೇಳಿ" ಎಂದು ಶುರು ಮಾಡಿದೆ. ಒಂಬತ್ತಕ್ಕೆ ಕೂರುತ್ತಾಳೆ, ಕೂತರೆ ಏಳುವುದಿಲ್ಲ, ಮಧ್ಯಾಹ್ನ ಮುದ್ದೆ ಉಣ್ಣುವಾಗಲೂ ಕಣ್ಣು ಪರದೆಯ ಮೇಲೆ, ಒಂದು ದಿನ ಸಾರೆಂದು ನೀರಿನ ಲೋಟದಲ್ಲಿ ಮುದ್ದೆ ಅದ್ದಿದ್ದಳು. ಜನ ಬಾಯಿಗೆ ಬಂದ ಹಾಗೆ ಬರೆದರೂ ಅವಳು ಒಂದು ಮಾತು ತಿರುಗಿ ಬರೆದವಳಲ್ಲ, ನಾನಾಗಿದ್ದರೆ ಎರಡೂ ಎಡಗಾಲಿನ ಚಪ್ಪಲಿ ಸಿಕ್ಕವನಿಗೆ ಬೇರೆಯೇ ಉತ್ತರ ಹೋಗುತ್ತಿತ್ತು. ಮೇಡಂ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಬರೆದುಕೊಳ್ಳುವವರು ಎದುರಿಗಿದ್ದರೆ ಹೇಳುವವರಿಗೆ ಹುರುಪು ಬರುತ್ತದೆ. ಕೊನೆಗೆ, ಎಲ್ಲದಕ್ಕಿಂತ ದೊಡ್ಡ ಸಾಕ್ಷಿ ಇರಲಿ ಎಂದು, ಹೇಳಿದೆ.

"ಮೂರೂವರೆಗೆ ಮಗೂಗೆ ಹೋಗ್ತಾಳಲ್ಲ, ಆಗ್ಲೂ ನಿಮ್ಮ ಕೆಲಸ ನಿಲ್ಲಲ್ಲ. ದಿನಾ ನಾನೇ ಕೂತು ಇದನ್ನ ಅಲ್ಲಾಡಿಸ್ತೀನಿ. ಆರು ತಿಂಗಳಿಂದ ಆ ಚುಕ್ಕೆ ಒಂದಿನ ಹಳದಿ ಆಗಿಲ್ಲ, ಬೇಕಾದ್ರೆ ನೋಡ್ಕೊಳಿ."

ಮೇಡಂ ಕೈ ನಿಂತಿತು. ಆ ಕಡೆ ಸದ್ದಿಲ್ಲ. ಸದ್ದು ನಿಲ್ಲುವುದು ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಏನೋ ಕಡಿದಿದೆ ಎಂದು ಗೊತ್ತಾಯಿತು, ಎಲ್ಲಿ ಎಂದು ಮಾತ್ರ ಗೊತ್ತಾಗಲಿಲ್ಲ.

"ದಿನಾನಾ ಅಮ್ಮ?" ಎಂದು ಕೇಳಿದರು.

"ಭಾನುವಾರ ಬಿಟ್ಟು" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟಿನ ಮುಖವಲ್ಲ, ಲೆಕ್ಕ ತಾಳೆಯಾಗದವರ ಮುಖ. "ಅಲ್ಲಮ್ಮ, ಮಗೂನ ನೀವೇ ಕರ್ಕೊಂಡು ಬಂದು, ಅವರು ಸೀಟಲ್ಲೇ ಇರ್ಬೋದಿತ್ತಲ್ವಾ" ಅಂದರು. ಆರು ತಿಂಗಳ ಹಿಂದೆ ವೇದಾ ಕೇಳಿದ್ದೂ ಇದನ್ನೇ, ಅಲ್ಲಿ ಕೂತವರಿಗೂ ಒಂದು ನಿಮಿಷದಲ್ಲಿ ಹೊಳೆಯಿತು. ನಾನು ತಡ ಮಾಡದೆ, ಅಭ್ಯಾಸಬಲದಿಂದ, "ಎಲ್ಲಿ ಆಗುತ್ತೆ ಮೇಡಂ, ಎಡಗಾಲಿನ ಮಂಡಿ ನೋವು" ಅಂದೆ.

"ಶಿವಗಂಗೆ ಹತ್ತಿದ ಮಂಡೀನಾ ಅಮ್ಮ?"

ಆಗ ನನಗೆ ಹಿಂದಿನಿಂದ ಮಲ್ಲಿಗೆ ವಾಸನೆ ಬಂತು. ವೇದಾ ಆ ದಿನದ ಮಾತುಕತೆಗೆಂದು ಮುಡಿದಿದ್ದ ಹೂವು. ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಾಳೆ, ಒಂದು ಕೈಯಲ್ಲಿ ಸ್ಕೂಲ್ ಬ್ಯಾಗು, ಇನ್ನೊಂದು ಕೈಯಲ್ಲಿ ಚಿನ್ನು. ನನ್ನ ದನಿಯ ಬಗ್ಗೆ ಮೊದಲೇ ಹೇಳಿದ್ದೇನೆ. ಅವಳು ಬೀದಿಯ ಆ ತುದಿಯಿಂದಲೇ ಕೇಳಿಸಿಕೊಂಡು ಬಂದಿದ್ದಳು.

ಅವಳು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಮಗುವಿನ ಕೈಯನ್ನು ನನ್ನ ಕೈಗೆ ಕೊಟ್ಟು, ಬ್ಯಾಗನ್ನು ನನ್ನ ಹೆಗಲಿಗೆ ಹಾಕಿ ಬಾಗಿಲು ಹಾಕಿಕೊಂಡಳು. ಇಪ್ಪತ್ತು ನಿಮಿಷ. ಚಿನ್ನು ಕಡ್ಲೆಪುರಿ ತಿನ್ನುತ್ತ ಅಜ್ಜಿ ನೀನು ಟಿವಿಯಲ್ಲಿ ಬಂದೆಯಾ ಎಂದು ಕೇಳಿದಳು. ನಾನು ಒಂದೇ ಚೊಂಬನ್ನು ನಾಲ್ಕು ಸಲ ತೊಳೆದೆ, ಕುಕ್ಕದೆ. ಬಾಗಿಲಿಗೆ ಕಿವಿ ಕೊಟ್ಟೆ. ಈಗಿನವರು ಮಾತಾಡುವ ಸಣ್ಣ ದನಿ ನನ್ನ ಕಿವಿಗೆ ಹತ್ತುವುದಿಲ್ಲ. ಕೇಳಿಸಿದ್ದು ಒಂದು ಸಲ ವೇದಾ ಕೆಮ್ಮಿದ್ದು ಮಾತ್ರ. ಗಾರ್ಮೆಂಟ್ಸಿನ ಕೆಮ್ಮು ನಿಂತು ಮೂರು ತಿಂಗಳಾಗಿತ್ತು, ಇದು ಅದಲ್ಲ ಎಂದುಕೊಂಡೆ. ಅದೇ ಇರಬಹುದು ಎಂದೂ ಅನ್ನಿಸಿತು. ಚೊಂಬನ್ನು ಐದನೇ ಸಲ ತೊಳೆದೆ.

ಹೊರಗೆ ಬಂದವಳು ಮೊದಲು ಒಂದು ಲೋಟ ನೀರು ಕುಡಿದಳು. ಆಮೇಲೆ ಹೇಳಿದಳು. ಇವತ್ತು ಖಾಯಂ ಆಗಲಿಲ್ಲ. ಹೋಗಲೂ ಇಲ್ಲ. ಕೆಲಸದ ಬಗ್ಗೆ ಅವರಿಗೆ ದೂರಿಲ್ಲ, ಚುಕ್ಕೆಯ ಬಗ್ಗೆ ಇದೆ. ಕಾಲು ಗಂಟೆ ಬಿಡುವು ಬೇಕು ಎಂದು ಕೇಳಿದ್ದರೆ ಮೊದಲ ದಿನವೇ ಕೊಡುತ್ತಿದ್ದೆವಲ್ಲ, ಯಾಕೆ ಕೇಳಲಿಲ್ಲ ಎಂದು ಬೈದರಂತೆ. ಇನ್ನೊಂದು ತಿಂಗಳು ನೋಡುತ್ತಾರೆ. ಆ ತಿಂಗಳು ಅವಳ ಸೀಟಿನಲ್ಲಿ ಅವಳೇ ಇರಬೇಕು, ಮೌಸ್ ಮೇಲೆ ಬೇರೆ ಕೈ ಬೀಳಬಾರದು, ಮಗುವಿಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಅತ್ತೆಯವರು ಬಹಳ ನೇರ ಮನುಷ್ಯರು ಎಂದೂ ಹೇಳಿದರಂತೆ. ಇದನ್ನು ಹೇಳುವಾಗ ಸೊಸೆ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಮಂಡಿ ಹೇಗಿದೆ ಅತ್ತೆ?"

"ವಾಸಿಯಾಗಿದೆ."

"ಯಾವಾಗಿಂದ?"

ಕೇಳುವವರ ದನಿಯಲ್ಲಿ ಅಷ್ಟು ವಿನಯ ಇದ್ದರೆ ಸುಳ್ಳು ಹೇಳುವುದು ಕಷ್ಟ. "ಅದಕ್ಕೆ ಯಾವತ್ತೂ ಏನೂ ಆಗಿರ್ಲಿಲ್ಲ ಕಣೇ" ಅಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಎಡಗಾಲಿನ ಎರಡು ಚಪ್ಪಲಿಯವನಿಗೆ ಬರೆಯುವಾಗ ಇದ್ದ ಅದೇ ಮುಖ. "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಹೇಳಿ ಕುಕ್ಕರ್ ಇಡುವುದಕ್ಕೆ ಹೋದಳು. ಆ ಮಾತು ಓದುವುದಕ್ಕಿಂತ ಕೇಳಿಸಿಕೊಳ್ಳುವಾಗ ಹೆಚ್ಚು ಚುಚ್ಚುತ್ತದೆ, ಪಾರ್ಸೆಲ್ ಜನಕ್ಕೆ ಅದು ಗೊತ್ತಿಲ್ಲ. ಸಂಜೆ ಮುಮ್ತಾಜಳಿಗೆ ಹೇಳಿದರೆ ಅವಳು ಸಮಾಧಾನ ಹೇಳುವ ಬದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಲ್ಲ ತಿರುಗಿಸಿ ನೋಡಿದರೆ ಅವತ್ತು ನಮ್ಮ ಮನೆಯಲ್ಲಿ ಕೆಲಸ ಹೋದದ್ದು ಒಬ್ಬಳಿಗೆ ಮಾತ್ರ. ಆರು ತಿಂಗಳು ಒಂದು ದಿನ ತಪ್ಪಿಸದೆ ಮಾಡಿದವಳಿಗೆ.

ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ನಾನೇ ಚಿನ್ನುವಿನ ತಲೆ ಬಾಚಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಇನ್ನು ಮೇಲೆ ಕಳಿಸುವುದೂ ನಾನೇ, ಕರೆತರುವುದೂ ನಾನೇ ಎಂದು ಹೇಳಿ ಹೊರಟೆ. ಯಾರೂ ಬೇಡ ಅನ್ನಲಿಲ್ಲ. ಗೇಟು ದಾಟಿದ ಮೇಲೆ ಕಷ್ಟ ಗೊತ್ತಾಯಿತು. ಮನೆಯವರಿಗೆ ನಿಜ ಹೇಳಿದ್ದಾಯಿತು, ಬೀದಿಗೆ ಹೇಳಿಲ್ಲವಲ್ಲ. ಎದುರು ಮನೆಯಾಕೆ ರಂಗೋಲಿ ಬಿಡುತ್ತಿದ್ದಳು, ಮೂಲೆ ಮನೆಯಾಕೆ ಬಟ್ಟೆ ಹಿಂಡುತ್ತಿದ್ದಳು, ಇಬ್ಬರೂ ಎಣ್ಣೆ ಯಾವುದು ಒಳ್ಳೆಯದು ಎಂದು ನನಗೆ ಅರ್ಧ ಗಂಟೆ ಹೇಳಿದವರು. ರಾತ್ರೋರಾತ್ರಿ ನೆಟ್ಟಗಾದರೆ ಏನೆಂದುಕೊಂಡಾರು. ದಿನಕ್ಕಿಷ್ಟು ಕಡಿಮೆ ಮಾಡುತ್ತ ಹೋದರಾಯಿತು ಎಂದು ತೀರ್ಮಾನಿಸಿ ಕುಂಟುತ್ತ ನಡೆದೆ. ಗಿರಣಿಯ ಹತ್ತಿರ ಬರುವಾಗ ಚಿನ್ನು ನನ್ನ ಕಾಲನ್ನೇ ನೋಡುತ್ತಿದ್ದವಳು, "ಅಜ್ಜೀ, ನೋವಿರೋದು ಆ ಕಡೆ ಕಾಲಲ್ವಾ" ಅಂದಳು. ಅವಳ ದನಿಯೂ ನನ್ನದೇ, ಬೀದಿಗೆಲ್ಲ ಕೇಳಿಸುತ್ತದೆ. ನಾನು ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು, ಕಾಲನ್ನೂ ಬದಲಾಯಿಸಿಕೊಂಡು, ಕುಂಟುತ್ತ ಮುಂದೆ ಹೋದೆ.